ಊರಿಗೆ ಗಾಳಿ ಕರೆಂಟಿನ ಫ್ಯಾನ್ ಕಂಪನಿ ಬರಾಕತ್ತೈತಿ, ಗ್ರಾಮಸಭೆಯಾಗ ಜನಕ್ಕ ಏನಂತ ಹೇಳೋದು?

ಎರೆಹೊಲದ_ಅಕ್ಕ
ನಮಸ್ಕಾರ್ರಿ ಎಲ್ಲಾರಿಗೂ. ಮುಂಡರಗಿ ತಾಲೂಕಿನ ಒಂದು ಸಣ್ಣ ಊರಾಗ ಗ್ರಾಮ ಪಂಚಾಯ್ತಿ ಮೆಂಬರ್ ಅದೀನಿ. ಕಪ್ಪತಗುಡ್ಡದ ಕಡೆ ನೋಡಿದ್ರ ಸಾಲಾಗಿ ಫ್ಯಾನ್ ಕಾಣ್ತಾವ, ಅವು ಹಳೇವು. ಈಗ ಕೆಳಗ ನಮ್ಮ ಎರಿ ಹೊಲಕ್ಕೂ ಬರ್ತಾವಂತ. ಕಂಪನಿಯವ್ರ ಮಾರಿ ನಾವ್ಯಾರೂ ನೋಡಿಲ್ಲ. ಬರೋದೆಲ್ಲಾ ಏಜೆಂಟ್. ಪಹಣಿ ಝೆರಾಕ್ಸ್ ಇಸಕೊಂಡು ಹೋಗ್ಯಾನ, "ಲಗೂನ ಸಹಿ ಮಾಡ್ರಿ, ಇಲ್ಲಂದ್ರ ಫ್ಯಾನ್ ಬಾಜೂ ಹೊಲಕ್ಕ ಹೋಗತೈತಿ" ಅಂತಾನ.

ಊರಾಗ ಮೂರು ಮಾತು ನಡದಾವ. ಫ್ಯಾನ್ ಮೋಡ ಓಡಸತಾವ, ಮಳಿ ಆಗಂಗಿಲ್ಲ ಅನ್ನೋದು ಒಂದು. ಎಮ್ಮಿ ಹಾಲು ಕಡಿಮಿ ಆಗತೈತಿ ಅನ್ನೋದು ಇನ್ನೊಂದು. ಮೂರನೇದು, ಊರಿಗೆಲ್ಲಾ ಪುಕ್ಕಟೆ ಕರೆಂಟ್ ಕೊಡ್ತಾರ ಅನ್ನೋದು. ಮುಂದಿನ ವಾರ ಗ್ರಾಮಸಭೆ ಐತಿ. ತಿಳದಾವ್ರು ನಾಕು ಮಾತು ಹೇಳ್ರಿ, ಕಂಪನಿ ಪರವಾಗಿ ಬ್ಯಾಡ, ವಿರೋಧನೂ ಬ್ಯಾಡ.

ತುಂಗಭದ್ರಾ_ದಂಡಿ
ಮೊದಲ ಸಹಿ ಮಾಡೋದು ನಿಲ್ಲಸ್ರಿ ಅಕ್ಕಾರ. ಉಳಿದದ್ದು ಆಮ್ಯಾಲೆ.

ಜೋಗಿಮಟ್ಟಿ_ಹುಡುಗ
ನಮ್ ಚಿತ್ರದುರ್ಗದಾಗೆ ಫ್ಯಾನ್ ಬಂದು ಇಪ್ಪತ್ತು ವರ್ಸದ ಮೇಲಾತು. ಮಳೆ ಮಾತು ಅವತ್ತಿಂದ ಇವತ್ತಿನವರೆಗೂ ನಿಂತಿಲ್ಲ ಕಣಕ್ಕ. ಮಳೆ ಬಂದ ವರ್ಸ ಯಾರೂ ಫ್ಯಾನಿಗೆ ಪೂಜೆ ಮಾಡಲ್ಲ, ಬರದಿದ್ದ ವರ್ಸ ಮಾತ್ರ ಬೈತಾರೆ.

ಕ್ಯೂಬ್_ಲಾ
ಈ ಕಾಲದಲ್ಲೂ ಮೋಡ ಓಡಿಸೋ ಕಥೆ ಕೇಳ್ತಿದ್ದೀವಲ್ಲ, ಆಶ್ಚರ್ಯ. ಫ್ಯಾನ್ ಗಾಳಿ ಬೀಸಲ್ಲ, ಗಾಳಿಯಿಂದ ತಿರುಗುತ್ತೆ. ಮನೆ ಸೀಲಿಂಗ್ ಫ್ಯಾನ್ ಕರೆಂಟ್ ತಿಂದು ಗಾಳಿ ಕೊಡುತ್ತೆ, ಇದು ಗಾಳಿ ತಿಂದು ಕರೆಂಟ್ ಕೊಡುತ್ತೆ. ಅದೂ ಪೂರ್ತಿ ತಿನ್ನಲ್ಲ. ಬೆಟ್ಜ್ ಮಿತಿ ಪ್ರಕಾರ ರೆಕ್ಕೆಯ ವೃತ್ತದೊಳಗೆ ಹಾಯುವ ಗಾಳಿಯ ಶಕ್ತಿಯಲ್ಲಿ ಶೇ. 59.3ಕ್ಕಿಂತ ಹೆಚ್ಚು ತೆಗೆಯೋಕೆ ಯಾವ ಯಂತ್ರಕ್ಕೂ ಆಗಲ್ಲ. ರೆಕ್ಕೆಯ ತುದಿ ಮೇಲಕ್ಕೆ ಹೋದಾಗ ನೆಲದಿಂದ ಸುಮಾರು 200 ಮೀಟರ್. ಮುಂಗಾರಿನ ತೇವದ ಗಾಳಿ ಕಿಲೋಮೀಟರ್‌ಗಟ್ಟಲೆ ದಪ್ಪ ಇರುತ್ತೆ. ಕೆಳಗಿನ ತೆಳ್ಳನೆ ಪದರದಲ್ಲಿ ಅಲ್ಲೊಂದು ಇಲ್ಲೊಂದು ಕಂಬ ನಿಂತರೆ ಅರಬ್ಬೀ ಸಮುದ್ರದಿಂದ ಬರೋ ಮೋಡಕ್ಕೆ ಗೊತ್ತೂ ಆಗಲ್ಲ. ವಿದ್ಯಾವಂತರಾದರೂ ಜನಕ್ಕೆ ತಿಳಿಸಿ ಹೇಳಬೇಕು.

ಹಳೇ_ಗಿರಣಿ
ಕ್ಯೂಬ್ ಸಾಹೇಬ್ರ, ಹೇಳಿದ್ದು ಖರೆ, ಹೇಳಿದ ಧಾಟಿ ಮಾತ್ರ ಬ್ಯಾಡಾಗಿತ್ತು. ಗ್ರಾಮಸಭೆಯಾಗ ಹಿಂಗ "ಈ ಕಾಲದಲ್ಲೂ" ಅಂತ ಶುರು ಮಾಡಿದ್ರ ಹಿಂದಿನ ಸಾಲಿನಾವ್ರು ಎದ್ದು ಹೋಗ್ತಾರ. ಅವ್ರಿಗೆ ಮಳಿ ಅಂದ್ರ ವರ್ಷದ ಕೂಳು.

ಬರಗಾಲ_ಬಲ್ಲೆ
ನಾನಾಗಿದ್ದರೆ ಬೆಟ್ಜ್ ಗಿಟ್ಜ್ ಬಿಟ್ಟು ಹಿರಿಯರ ನೆನಪಿನಿಂದಲೇ ಶುರು ಮಾಡ್ತಿದ್ದೆ. 1876ರ ಧಾತು ಸಂವತ್ಸರದ ಬರ ಧಾರವಾಡ, ಬಿಜಾಪುರ, ಬಳ್ಳಾರಿ ಸೀಮೆಯನ್ನೆಲ್ಲ ತಿಂದು ಹಾಕ್ತು. ಆಗ ಯಾವ ಫ್ಯಾನ್ ಇತ್ತು? ಈಚೆಗೆ ಬನ್ನಿ, 2023ರಲ್ಲಿ ಸರ್ಕಾರ 223 ತಾಲೂಕುಗಳನ್ನ ಬರಪೀಡಿತ ಅಂತ ಘೋಷಿಸ್ತು. ಅದರಲ್ಲಿ ಒಂದೂ ಫ್ಯಾನ್ ಇಲ್ಲದ ತಾಲೂಕುಗಳೂ ಬೇಕಾದಷ್ಟಿದ್ದವು.

ಜನ ಕಂಡಿದ್ದು ಸುಳ್ಳಲ್ಲ, ಹಿಂದುಮುಂದಾಗಿದೆ ಅಷ್ಟೆ. ಗದಗ, ಕೊಪ್ಪಳ, ಚಿತ್ರದುರ್ಗ ಎಲ್ಲ ಸಹ್ಯಾದ್ರಿಯ ಮಳೆನೆರಳಿನ ನಾಡು. ಘಟ್ಟದ ಆಚೆ ಮಳೆ ಸುರಿಸಿ ಬರೋ ಗಾಳಿ ಇಲ್ಲಿ ಬಯಲಲ್ಲಿ ಅಡ್ಡಿಯಿಲ್ಲದೆ ಬೀಸುತ್ತೆ. ಮಳೆ ಕಡಿಮೆ, ಗಾಳಿ ಜಾಸ್ತಿ, ಅದಕ್ಕೇ ಕಂಪನಿ ಇಲ್ಲಿಗೆ ಬಂತು. ಫ್ಯಾನ್ ಬಂದಿದ್ದಕ್ಕೆ ಮಳೆ ಹೋಗಿದ್ದಲ್ಲ. ಮಹಾರಾಷ್ಟ್ರದ ಸಾತಾರಾ, ಸಾಂಗಲಿ ಕಡೆಯೂ ಬರದ ವರ್ಷಗಳಲ್ಲಿ ಇದೇ ಗಲಾಟೆ ಆಗಿತ್ತು.

ಜೋಗಿಮಟ್ಟಿ_ಹುಡುಗ
ಒಂದು ಡೌಟು. ಕ್ಯೂಬಣ್ಣ ಮೋಡ ಮೇಲಿರ್ತಾವೆ ಅಂದ್ರು. ನಮ್ ಜೋಗಿಮಟ್ಟಿ ಗುಡ್ಡಕ್ಕೆ ಆಷಾಢದಾಗೆ ಬಂದು ನೋಡ್ರಿ, ಮೋಡ ಮೈಮೇಲೇ ಹಾದು ಹೋಗ್ತಾವೆ, ಫ್ಯಾನಿನ ಅರ್ಧ ಕಾಣಲ್ಲ. ಅಲ್ಲಿ ರೆಕ್ಕೆ ಮೋಡದೊಳಗೇ ತಿರುಗ್ತೈತೆ. ಅದಕ್ಕೇನಂತೀರಾ?

ಕ್ಯೂಬ್_ಲಾ
ತಿರುಗಲಿ. ಮಂಜು ಸ್ವಲ್ಪ ಕಲಕುತ್ತೆ. ಮಳೆ ಹುಟ್ಟೋದು ಅಲ್ಲಲ್ಲ, ಅದಕ್ಕಿಂತ ಬಹಳ ಮೇಲೆ, ದೊಡ್ಡ ಮೋಡದ ಹೊಟ್ಟೆಯಲ್ಲಿ.

ಹವಾ_ಮಾತು
ಕಲಕೋದರ ಪರಿಣಾಮ ಸೊನ್ನೆ ಅಂತಲೂ ಹೇಳಬೇಡಿ. ಅಮೆರಿಕದ ಟೆಕ್ಸಾಸ್‌ನಲ್ಲಿ ಉಪಗ್ರಹದ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನ 2012ರಲ್ಲಿ ಪ್ರಕಟವಾಯ್ತು. ಫ್ಯಾನುಗಳ ದೊಡ್ಡ ಗುಂಪು ಇರೋ ಕಡೆ ರಾತ್ರಿ ಹೊತ್ತು ನೆಲದ ಉಷ್ಣತೆ ಅಕ್ಕಪಕ್ಕದ ಜಾಗಕ್ಕಿಂತ ಸ್ವಲ್ಪ ಹೆಚ್ಚಿರೋದು ಕಂಡುಬಂತು. ರಾತ್ರಿ ನೆಲ ತಣ್ಣಗಾಗುತ್ತೆ, ಮೇಲೆ ಬೆಚ್ಚನೆ ಪದರ ಇರುತ್ತೆ, ರೆಕ್ಕೆ ಎರಡನ್ನೂ ಬೆರೆಸುತ್ತೆ. ಹೊಸ ಶಾಖ ಏನೂ ಹುಟ್ಟಲ್ಲ. ಹಿಂಗಾರಿ ಜೋಳ ಇಬ್ಬನಿ ಕುಡಿದು ಬೆಳೆಯೋ ಸೀಮೆಯಲ್ಲಿ ರೈತ ಇದನ್ನ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. "ಏನೂ ಆಗಲ್ಲ ಹೋಗಿ" ಅಂತ ಓಡಿಸಿದರೆ ನಾಳೆ ನಿಮ್ಮ ಉಳಿದ ಮಾತನ್ನೂ ಯಾರೂ ನಂಬಲ್ಲ.

ಎರೆಹೊಲದ_ಅಕ್ಕ
ಇದು ಛಲೋ ಹೇಳಿದ್ರಿ. ಎಮ್ಮಿ ಹಾಲಿನ ಸುದ್ದಿ ಯಾರರ ಹೇಳ್ರಿ.

ಕುಷ್ಟಗಿ_ಮೂರೆಕರೆ
ನಮ್ಮ ಹೊಲದಾಗ ಒಂದು ಫ್ಯಾನ್ ಐತಿ ಅಕ್ಕಾರ, ಅದರ ಬುಡಕ್ಕ ಆಕಳ ಮೇಯತಾವ. ಮಧ್ಯಾಹ್ನ ಕಂಬದ ನೆರಳಿಗೆ ಮಲಗ್ತಾವ, ಕಂಬದ ನೆರಳು ಸರಿದಂಗ ತಾವೂ ಸರೀತಾವ. ಹಾಲಿಗೇನೂ ಆಗಿಲ್ಲ. ಆದ್ರ ಕೆಲಸ ನಡೆಯೋ ಮುಂದ ಕ್ರೇನ್, ಟಿಪ್ಪರ್, ಹಗಲೂ ರಾತ್ರಿ ಸದ್ದು, ಧೂಳು. ಆವಾಗ ದನ ಬೆದರಿದ್ದು ಖರೆ. ಮೆಣಸಿನ ಗಿಡದ ಮ್ಯಾಲೆ ಧೂಳು ಕುಂತು ಹೂವು ಉದುರಿ ಹೋತು, ಅದಕ್ಕ ಪರಿಹಾರ ಕೇಳಿದ್ರ ಇವತ್ತು ನಾಳೆ ಅಂದ್ರು. ಬರದು ಇಟಗೊಂಡಿದ್ದಿಲ್ಲ, ಹೋತು.

ಸದ್ದು_ಸುದ್ದಿ
ಸದ್ದಿನ ವಿಷಯ. 2016ರ ಕೇಂದ್ರದ ಮಾರ್ಗಸೂಚಿಯಲ್ಲಿ ಫ್ಯಾನಿಗೂ ವಸತಿಗೂ 500 ಮೀಟರ್ ಅಂತರ ಅಂತ ಇದೆ. ಸಾರ್ವಜನಿಕ ರಸ್ತೆ, ಕಟ್ಟಡದಿಂದ ಕಂಬದ ಎತ್ತರಕ್ಕೆ ರೆಕ್ಕೆ ವೃತ್ತದ ವ್ಯಾಸದ ಅರ್ಧ ಸೇರಿಸಿ ಮೇಲೆ 5 ಮೀಟರ್. ಅಂದರೆ ಕಂಬ 120 ಮೀಟರ್, ವ್ಯಾಸ 140 ಇದ್ದರೆ 195 ಮೀಟರ್ ದೂರ. ಊರಿನ ನಕ್ಷೆ ಮೇಲೆ ಒಂದೊಂದು ಕಂಬದ ಜಾಗ ಗುರುತು ಮಾಡಿ ಕೊಡಿ ಅಂತ ಕೇಳಿ. ತೋಟದ ಮನೆಯವರನ್ನ ಎಲ್ಲರೂ ಮರೀತಾರೆ, ಅವರಿಗೇ ಹತ್ತಿರ ಬರೋದು. ಬೆಳಗ್ಗೆ ಸಂಜೆ ಇಳಿಬಿಸಿಲಲ್ಲಿ ರೆಕ್ಕೆ ನೆರಳು ಕಿಟಕಿ ಮೇಲೆ ಹಾದು ಹಾದು ಹೋಗುತ್ತೆ. ಅದು ಯಾವ ತಿಂಗಳು, ಎಷ್ಟು ಹೊತ್ತು ಅಂತ ಮೊದಲೇ ಲೆಕ್ಕ ಹಾಕೋಕೆ ಸಾಫ್ಟ್‌ವೇರ್ ಇದೆ. ಕೇಳಿದರೆ ತೋರಿಸ್ತಾರೆ, ಕೇಳದಿದ್ದರೆ ತೋರಿಸಲ್ಲ.

ರಿಟೈರ್ಡ್_ಲೈನ್‌ಮನ್
ಪುಕ್ಕಟೆ ಕರೆಂಟ್ ಸುದ್ದಿ ನಾ ಹೇಳ್ತೀನಿ. ಫ್ಯಾನಿನ ಜನರೇಟರ್‌ನಾಗ ಸಾಮಾನ್ಯ 690 ವೋಲ್ಟ್ ಹುಟ್ಟತೈತಿ. ಅಲ್ಲೇ ಟಿಸಿ (ಟ್ರಾನ್ಸ್‌ಫಾರ್ಮರ್) ಅದನ್ನ 33 ಕೆವಿಗೆ ಏರಸತೈತಿ. ಹತ್ತಾರು ಫ್ಯಾನಿನದು ಪೂಲಿಂಗ್ ಸ್ಟೇಷನ್ನಿಗೆ ಬಂದು 220 ಕೆವಿ ಆಗಿ ದೊಡ್ಡ ಲೈನಿಗೆ ಹೋಗತೈತಿ. ಗದಗ, ಕೊಪ್ಪಳ ಎರಡೂ ಕಡೆ ಅಂತರರಾಜ್ಯ ಗ್ರಿಡ್‌ಗೆ ಸೇರೋ 400 ಕೆವಿ ಸ್ಟೇಷನ್ ಅದಾವ, ಅಲ್ಲಿಂದ ಬ್ಯಾರೆ ರಾಜ್ಯಕ್ಕೂ ಹೋಗಬಹುದು. ನಿಮ್ಮೂರ ಟಿಸಿಗೆ ಬರೋದು 11 ಕೆವಿ ಫೀಡರ್, ಅದರ ದಾರೀನ ಬ್ಯಾರೆ. ಅದಕ್ಕ ಫ್ಯಾನ್ ಗರಗರ ತಿರುಗತಿದ್ರೂ ಊರಾಗ ಲೋಡ್‌ಶೆಡ್ಡಿಂಗ್ ಇರತೈತಿ. ಇದನ್ನ ಗ್ರಾಮಸಭೆಯಾಗ ಗ್ವಾಡಿ ಮ್ಯಾಲೆ ಚಿತ್ರ ಬರದು ತೋರಸ್ರಿ. ಪುಕ್ಕಟೆ ಕೊಡ್ತೀನಿ ಅಂದಾವ ಏಜೆಂಟ್ ಇದ್ರ, ಬರವಣಿಗಿಯಾಗ ಕೊಡು ಅನ್ರಿ, ಅಲ್ಲೇ ಗೊತ್ತಾಗತೈತಿ.

ಪಾಪು_ಗದಗ
ನಮ್ಮ ತಲಿ ಮ್ಯಾಲೆ ಲೈನ್ ಹಾದು ಹೋಗತಾವ, ನಮ್ಮ ಪಂಪಿಗೆ ಏಳ ತಾಸು ಕರೆಂಟ್. ಅದೂ ರಾತ್ರಿ ಪಾಳಿ. ಏನ್ ನ್ಯಾಯರೀ ಇದು.

ರಿಟೈರ್ಡ್_ಲೈನ್‌ಮನ್
ತಲಿ ಮ್ಯಾಲೆ ಹಾಯೋ ಲೈನಿಗೂ ರೊಕ್ಕ ಐತಿ ತಮ್ಮಾ. ಟವರ್ ಬುಡಕ್ಕ, ತಂತಿ ಕೆಳಗಿನ ಪಟ್ಟಿಗೆ ಬ್ಯಾರೆ ಬ್ಯಾರೆ. 2015ರ ಕೇಂದ್ರದ ಮಾರ್ಗಸೂಚಿಯಾಗ ಟವರ್ ಬುಡಕ್ಕ ಜಮೀನು ಬೆಲಿಯ ಶೇ. 85, ಪಟ್ಟಿಗೆ ಶೇ. 15ರ ತನಕ ಇತ್ತು. 2024ರ ಜೂನ್‌ನಾಗ ಬುಡಕ್ಕ ಶೇ. 200, ಪಟ್ಟಿಗೆ ಶೇ. 30 ಅಂತ ಮಾಡ್ಯಾರ. ರಾಜ್ಯದವ್ರು ಒಪ್ಪಿ ಆದೇಶ ಮಾಡಬೇಕು, ಡಿಸಿ ಕಚೇರಿಯಾಗ ಕೇಳ್ರಿ. ಇದು 66 ಕೆವಿ ಮತ್ತ ಅದರ ಮ್ಯಾಲಿನ ಲೈನಿಗೆ. ಫ್ಯಾನಿಂದ ಫ್ಯಾನಿಗೆ ಹೋಗೋ 33 ಕೆವಿ ಕಂಬಕ್ಕ ಈ ರೇಟ್ ಹತ್ತಂಗಿಲ್ಲ. ಅದನ್ನ ಕರಾರಿನಾಗ ಮಾತಾಡಿ ಇಸಕೋಬೇಕು. ಬಹಳ ಮಂದಿ ಅಲ್ಲೇ ಮೋಸ ಹೋಗ್ಯಾರ.

ಕರಾರು_ಓದುವವ
ಅಕ್ಕಾರೆ, ನಾನು ಕೋರ್ಟಿನಲ್ಲಿ ಇಂಥ ಕರಾರು ಓದಿ ಓದಿ ಸಾಕಾದವನು. ಮೋಡದ ಚರ್ಚೆಯಲ್ಲಿ ಸಭೆಯ ಹೊತ್ತೆಲ್ಲ ಹೋದರೆ ಹೆಚ್ಚು ಖುಷಿಯಾಗೋದು ಏಜೆಂಟ್‌ಗೇ. ಊರಿಗೆ ನಷ್ಟ ಆಗೋದು ಕಾಗದದಲ್ಲಿ.

ಮೊದಲನೇದು, ಅದು ಮಾರಾಟವಾ ಗುತ್ತಿಗೆಯಾ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿರಲ್ಲ. "ಅಗ್ರಿಮೆಂಟ್" ಅಂತಷ್ಟೇ ಹೇಳ್ತಾರೆ. ಒಂದು ವರ್ಷ ಮೀರಿದ ಗುತ್ತಿಗೆ ಸಬ್ ರಿಜಿಸ್ಟ್ರಾರ್ ಹತ್ತಿರ ನೋಂದಣಿ ಆಗಲೇಬೇಕು, 100 ರೂಪಾಯಿ ಛಾಪಾ ಕಾಗದದ ಮೇಲೆ ನೋಟರಿ ಸಹಿ ಹಾಕಿದ್ದು ಸಾಲದು. ಪ್ರತಿ ಕನ್ನಡದಲ್ಲಿ ಕೇಳಿ. ಬಾಡಿಗೆ ವರ್ಷಕ್ಕೆ ಎಷ್ಟು, ಎಷ್ಟು ವರ್ಷಕ್ಕೊಮ್ಮೆ ಎಷ್ಟು ಏರುತ್ತೆ. ಪಾವಗಡದ ಸೋಲಾರ್ ಪಾರ್ಕ್‌ನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ ಅಂತ ಶುರುವಾಗಿತ್ತು. ಅದು ಸೋಲಾರ್, ಪೂರ್ತಿ ಜಮೀನು ಮುಚ್ಚುತ್ತೆ. ಫ್ಯಾನ್ ಹಾಗಲ್ಲ, ಎರಡು ಮೂರು ಎಕರೆ ತಗೊಂಡು ಸುತ್ತ ಉಳುಮೆಗೆ ಬಿಡುತ್ತೆ. ಹಾಗಾಗಿ ಲೆಕ್ಕ ಬೇರೆ. ಆದರೆ ಏರಿಕೆ ಹೀಗೆ ಬರೆದಿರಬೇಕು ಅನ್ನೋದಕ್ಕೆ ಒಂದು ಮಾದರಿ.

ಎರಡನೇದು, ಫ್ಯಾನ್ ಆಯುಷ್ಯ 20-25 ವರ್ಷ. ಆಮೇಲೆ? ಬುಡದಲ್ಲಿ ನೂರಾರು ಘನ ಮೀಟರ್ ಕಾಂಕ್ರೀಟ್ ಕೂತಿರುತ್ತೆ. ಯಾರು ಕೀಳಬೇಕು, ಎಷ್ಟು ಆಳದವರೆಗೆ, ಅಷ್ಟರಲ್ಲಿ ಕಂಪನಿ ಕೈ ಬದಲಾಗಿದ್ದರೆ ಜವಾಬ್ದಾರಿ ಯಾರದು. ಇದು ಬರೆದಿರೋ ಕರಾರು ಅಪರೂಪ. ಅದರ ಜೊತೆಗೆ, ಗುತ್ತಿಗೆ ಹಕ್ಕನ್ನ ಬ್ಯಾಂಕಿಗೆ ಅಡ ಇಡೋಕೆ ಕಂಪನಿಗೆ ಅವಕಾಶ ಕೊಟ್ಟಿರ್ತಾರೆ. ನಿಮ್ಮ ಪಹಣಿಯ 11ನೇ ಕಾಲಂನಲ್ಲಿ ಏನು ಕೂರುತ್ತೆ ನೋಡಿಕೊಳ್ಳಿ, ಮುಂದೆ ನಿಮಗೆ ಬೆಳೆಸಾಲ ಬೇಕಾಗುತ್ತೆ.

ಮೂರನೇದು ಎಲ್ಲಕ್ಕಿಂತ ಮುಖ್ಯ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಇದ್ದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತೆ. ಆ ಕಾಯ್ದೆಯಲ್ಲಿ ಪರಭಾರೆ ಅಂದರೆ ಮಾರಾಟ ಮಾತ್ರ ಅಲ್ಲ, ಗುತ್ತಿಗೆಯೂ ಸೇರಿದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದ್ದು ನಿಲ್ಲಲ್ಲ. ನಿಮ್ಮೂರಿನ ಅಂಥ ಮನೆಗಳಿಗೆ ನೀವೇ ಹೋಗಿ ಹೇಳಿ, ಗ್ರಾಮಸಭೆಗೆ ಅವರು ಬರ್ತಾರೋ ಇಲ್ಲವೋ.

ಕುಷ್ಟಗಿ_ಮೂರೆಕರೆ
ವಕೀಲ್ರ ಮಾತು ಖರೆ. ಆದ್ರ ಮಂದಿನ್ನ ಅಂಜಸಬ್ಯಾಡ್ರಿ. ಮಳಿ ನಂಬಿ ಕುಂತ ಹೊಲದಾಗ ಕಡ್ಲಿ ಬಂದ್ರ ಬಂತು, ಇಲ್ಲಂದ್ರ ಇಲ್ಲ. ಫ್ಯಾನಿನ ರೊಕ್ಕ ಮಾತ್ರ ಬರ ಇದ್ರೂ ಬರತೈತಿ. ಮಗಳ ಡಿಗ್ರಿ ಓದು ಅದರಾಗ ನಡೀತು. ಬ್ಯಾಡ ಅನ್ನಾವ್ರು ಹೆಚ್ಚಾಗಿ ಬೆಂಗಳೂರಾಗ ಕುಂತಾವ್ರು.

ಹಳೇ_ಗಿರಣಿ
ನಿಮಗ ಬಂತು, ಬಾಜೂದವಂಗ? ನಿಮ್ಮ ಹೊಲಕ್ಕ ಹೋಗೋ ದಾರಿಗೆ ಅವನ ಒಡ್ಡು ಒಡದಿರತಾರ. ಎರಿ ನೆಲದಾಗ ನೀರು ಹರಿಯೋ ದಿಕ್ಕು ತಪ್ಪಿದ್ರ ನಾಕು ಹೊಲ ಜವಳು ಹಿಡೀತಾವ. ಫ್ಯಾನ್ ಇರಾವಂಗ ಬಾಡಿಗಿ, ಇಲ್ಲದಾವಂಗ ಕೆಸರು. ಊರಾಗ ಜಗಳ ಹುಟ್ಟೋದು ಇಲ್ಲೇ.

ಕುಷ್ಟಗಿ_ಮೂರೆಕರೆ
ಅದನ್ನ ಇಲ್ಲ ಅನ್ನಂಗಿಲ್ಲ. ನಮ್ಮ ಕಡೆನೂ ಎರಡು ಮನಿ ಮಾತು ಬಿಟ್ಟಾವ.

ಕಾನೂನು_ಕಿಟಕಿ
ಈ ಗೊಂದಲಕ್ಕೆಲ್ಲ ಮೂಲ ಒಂದೇ. ಕಾರ್ಖಾನೆಗೋ ಗಣಿಗೋ ಆದರೆ ಪರಿಸರ ಅನುಮತಿ, ಸಾರ್ವಜನಿಕ ಅಹವಾಲು ಸಭೆ ಇರುತ್ತೆ, ಅಲ್ಲಿ ಕಂಪನಿಯವರೇ ಬಂದು ಕೂತು ಉತ್ತರ ಕೊಡಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಇಲ್ಲ. ಮಾಲಿನ್ಯ ಮಂಡಳಿಯ ಲೆಕ್ಕದಲ್ಲಿ ಅದು ಬಿಳಿ ವರ್ಗ, ಅಂದರೆ ಮಾಲಿನ್ಯ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಊರಿಗೆ ಮೊದಲ ಸುದ್ದಿ ತರೋದು ಏಜೆಂಟ್. ಅವನಿಗೆ ಕಮಿಷನ್ ಇರೋದು ಸಹಿಗೆ, ತಿಳಿವಳಿಕೆಗಲ್ಲ. ಅಕ್ಕಾರು ಈಗ ಮಾಡ್ತಿರೋದು ನಿಜವಾಗಿ ಸರ್ಕಾರ ಮಾಡಬೇಕಾದ ಕೆಲಸ.

ಕ್ಯೂಬ್_ಲಾ
ಅಹವಾಲು ಸಭೆ ಅಂತ ಶುರು ಮಾಡಿದರೆ ಒಂದು ಪ್ರಾಜೆಕ್ಟೂ ಮುಗಿಯಲ್ಲ. 2024-25ರಲ್ಲಿ ದೇಶದಲ್ಲೇ ಹೆಚ್ಚು ಪವನ ಸಾಮರ್ಥ್ಯ ಸೇರಿಸಿದ ರಾಜ್ಯ ನಮ್ಮದು, 1,331 ಮೆಗಾವ್ಯಾಟ್. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ಅಂದಾಜಲ್ಲಿ 150 ಮೀಟರ್ ಎತ್ತರದಲ್ಲಿ ಕರ್ನಾಟಕಕ್ಕೆ 169 ಗಿಗಾವ್ಯಾಟ್ ಸಾಧ್ಯತೆ ಇದೆ. ಇದನ್ನೆಲ್ಲ ಸಭೆ ಮಾಡಿಕೊಂಡು ಕೂತರೆ ರಾಯಚೂರಲ್ಲಿ ಇನ್ನೆಷ್ಟು ವರ್ಷ ಕಲ್ಲಿದ್ದಲು ಸುಡೋದು?

ಕಾನೂನು_ಕಿಟಕಿ
ಸಭೆ ಮಾಡದೆ ಹೋದ ಕಡೆ ಕೇಸು ಮಾಡಿಕೊಂಡು ಕೂತಿದ್ದಾರಲ್ಲ, ಅದಕ್ಕೆ ಹೊತ್ತು ಹಿಡಿಯಲ್ವಾ?

ಹಕ್ಕಿನೋಟ
ಹಕ್ಕಿಗಳ ಮಾತು ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅದರ ಅಂಚಿನ ಊರಾಗಿದ್ದರೆ ಅರಣ್ಯ ಇಲಾಖೆಯನ್ನೂ ಸಭೆಗೆ ಕರೆಯಿರಿ. ಪರಿಣಾಮ ಹೇಗಿರುತ್ತೆ ಅನ್ನೋದಕ್ಕೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸಾತಾರಾದ ಚಾಳ್ಕೆವಾಡಿ ಪ್ರಸ್ಥಭೂಮಿಯಲ್ಲಿ ಮಾಡಿದ ಕೆಲಸ ನೋಡಿ, 2018ರಲ್ಲಿ ಪ್ರಕಟವಾಯ್ತು. ಫ್ಯಾನ್ ಇರೋ ಕಡೆ ಬೇಟೆ ಹಕ್ಕಿಗಳು ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ. ತಿನ್ನೋರು ಇಲ್ಲದ್ದಕ್ಕೆ ಹಲ್ಲಿಜಾತಿಯ ಓತಿಕ್ಯಾತಗಳು ಹೆಚ್ಚಿದ್ದವು, ಅವುಗಳ ನಡವಳಿಕೆ, ಬಣ್ಣವೂ ಬದಲಾಗಿತ್ತು. ನಮ್ಮಲ್ಲಿ ಸಿರಗುಪ್ಪದ ಕಡೆ ಉಳಿದಿರೋ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ತಂತಿಯೇ ಯಮ. ಭಾರವಾದ ಹಕ್ಕಿ, ಮುಂದೆ ನೋಡೋ ದೃಷ್ಟಿ ಕಡಿಮೆ, ತಂತಿ ಕಂಡು ತಿರುಗೋಷ್ಟರಲ್ಲಿ ಬಡಿದಿರುತ್ತೆ.

ಜೋಗಿಮಟ್ಟಿ_ಹುಡುಗ
ಓತಿಕ್ಯಾತದ ಮೇಲೆ ರಿಸರ್ಚ್ ಮಾಡ್ಯಾರಂತೆ, ರೈತನ ಮೇಲೆ ಯಾವಾಗ ಮಾಡ್ತಾರೋ 😄

ಹಕ್ಕಿನೋಟ
ನಗಬೇಡಿ. ಹದ್ದು ಹೋದರೆ ಹೊಲದಲ್ಲಿ ಇಲಿ ಹೆಚ್ಚೋದು ಯಾರಿಗೆ?

ಆರ್ಹುಸ್_ಹುಬ್ಬಳ್ಳಿ
ಡೆನ್ಮಾರ್ಕ್‌ನಿಂದ ಬರೀತಿದ್ದೀನಿ, ಮೂಲ ಹುಬ್ಬಳ್ಳಿ. ಇಲ್ಲಿ ಕೋಪನ್‌ಹೇಗನ್ ಎದುರು ಸಮುದ್ರದಲ್ಲಿ ಮಿಡೆಲ್‌ಗ್ರುಂಡೆನ್ ಅಂತ 2000ದಲ್ಲಿ 20 ಫ್ಯಾನ್ ಹಾಕಿದ್ರು, 40 ಮೆಗಾವ್ಯಾಟ್. ಅರ್ಧ ಪಾಲು ಎಂಟು ಸಾವಿರಕ್ಕೂ ಹೆಚ್ಚು ಜನಸಾಮಾನ್ಯರ ಸಹಕಾರಿ ಸಂಘದ್ದು. 2009ರಿಂದ ಕೆಲವು ವರ್ಷ ಹೊಸ ಫ್ಯಾನ್ ಹಾಕೋ ಕಂಪನಿ ಶೇ. 20 ಪಾಲನ್ನ ಸ್ಥಳೀಯರಿಗೆ ಕೊಳ್ಳೋಕೆ ಕೊಡಲೇಬೇಕು ಅಂತ ಕಾನೂನೇ ಇತ್ತು. ಆದರೂ ಇಲ್ಲಿಯೂ ನೆಲದ ಮೇಲೆ ಹಾಕೋವಾಗ ಜನ ಬೇಡ ಅಂತಾರೆ. ಸದ್ದು, ನೋಟ, ಮನೆ ಬೆಲೆ ಇಳಿಯುತ್ತೆ ಅಂತ. ಮೋಡದ ಮಾತು ಮಾತ್ರ ಕೇಳಿಲ್ಲ, ಇಲ್ಲಿ ಮಳೆ ಹೋದರೆ ಹಬ್ಬ.

ಪಾಪು_ಗದಗ
ನಮ್ಮಲ್ಲಿ ಹಾಲಿನ ಡೇರಿ ಸಂಘ ನಡಸಿದಾವ್ರು ಅದೀವಿ, ಫ್ಯಾನಿನ ಸಂಘ ಯಾಕ ಆಗಬಾರದು?

ಕ್ಯೂಬ್_ಲಾ
ಒಂದು ಮೆಗಾವ್ಯಾಟ್‌ಗೆ ಕೋಟಿಗಟ್ಟಲೆ ಬೇಕು, ಡೇರಿಗೆ ಕ್ಯಾನ್ ಸಾಕು.

ಹಳೇ_ಗಿರಣಿ
ಸಹಕಾರಿ ಸಕ್ಕರೆ ಫ್ಯಾಕ್ಟರಿ ಕ್ಯಾನಿನಾಗ ಕಟ್ಟಿದ್ರೇನ್ರಿ? ಮನಸ್ಸಿರಬೇಕು, ಬ್ಯಾಂಕ್ ಇರಬೇಕು. (ಆ ಫ್ಯಾಕ್ಟರಿಗಳ ಗತಿ ಏನಾತು ಅಂತ ಮಾತ್ರ ಕೇಳಬ್ಯಾಡ್ರಿ.)

ಲಾರಿ_ಲಕ್ಷ್ಯ
ಯಾರಾದ್ರೂ ರೆಕ್ಕೆ ಸಾಗಿಸೋ ಲಾರಿ ನೋಡೀರಾ? ನಮ್ಮ ಸರ್ಕಲ್‌ನಾಗ ತಿರುಗಾಕ ಆಗದ ಅರ್ಧ ದಿನ ಟ್ರಾಫಿಕ್ ನಿಂತಿತ್ತು. ಕಡೀಕ ಒಂದು ಚಾ ಅಂಗಡಿ ತಗಡು ಬಿಚ್ಚಿ ದಾಟಿಸಿದ್ರು. ಒಂದೊಂದು ರೆಕ್ಕಿ 70 ಮೀಟರ್ ಅಂತ. ಅಷ್ಟ್ ದೊಡ್ಡದು ತಿರುಗೋದು ನೋಡಿದ್ರ ನಿದ್ದಿ ಬರೋವಷ್ಟು ಸಾವಕಾಶ, ಅದರಿಂದ ಎಂಥಾ ಕರೆಂಟ್ ಬರತೈತಿ?

ಕ್ಯೂಬ್_ಲಾ
ಸಾವಕಾಶ ಅನ್ನೋದು ಕಣ್ಣಿನ ಮೋಸ. 70 ಮೀಟರ್ ರೆಕ್ಕೆ ನಿಮಿಷಕ್ಕೆ 10 ಸುತ್ತು ಹಾಕಿದರೂ ತುದಿಯ ವೇಗ ಗಂಟೆಗೆ 260 ಕಿಲೋಮೀಟರ್ ದಾಟುತ್ತೆ. ಇನ್ನು ನನ್ನ ಹೆಸರಿನ ಕಥೆ, ಕ್ಯೂಬ್ ಅಂದರೆ ಘನ: ಗಾಳಿ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಕಂಬ ಯಾಕೆ ವರ್ಷ ವರ್ಷ ಎತ್ತರ ಆಗ್ತಿದೆ ಅಂದರೆ ಅದಕ್ಕೇ, ಮೇಲೆ ಹೋದಷ್ಟೂ ಗಾಳಿ ಜೋರು.

ಲಾರಿ_ಲಕ್ಷ್ಯ
ಮತ್ತ ಬ್ಯಾಸಿಗಿಯಾಗ ಎಷ್ಟೋ ಫ್ಯಾನ್ ಸುಮ್ನ ನಿಂತಿರತಾವಲ್ಲ?

ರಿಟೈರ್ಡ್_ಲೈನ್‌ಮನ್
ಸೆಕೆಂಡಿಗೆ 3 ಮೀಟರ್ ಗಾಳಿ ಇಲ್ಲಂದ್ರ ಏಳಂಗಿಲ್ಲ. 25ರ ಆಸುಪಾಸು ಬಿರುಗಾಳಿ ಬಂದ್ರ ತಾನ ನಿಲ್ಲತೈತಿ, ಮುರೀಬಾರದಂತ. ಜೂನ್‌ನಿಂದ ಸಪ್ಟೆಂಬರ್ ಅದರ ಸುಗ್ಗಿ. ಆದ್ರ ಆವಾಗ ಮಳಿ ಆಗಿ ಪಂಪ್‌ಸೆಟ್ ಬಂದ್ ಇರತಾವ, ಲೋಡ್ ಕಡಿಮಿ. ಗ್ರಿಡ್‌ನಾವ್ರು ಕೆಲವು ಸಲ "ಇಳಸ್ರಿ" ಅಂತಾರ. ಗಾಳಿ ಐತಿ, ಫ್ಯಾನ್ ನಿಂತೈತಿ ಅಂದ್ರ ಅದೂ ಒಂದು ಕಾರಣ, ರಿಪೇರಿ ಇನ್ನೊಂದು.

ಎರೆಹೊಲದ_ಅಕ್ಕ
ಎಲ್ಲಾರಿಗೂ ಶರಣು. ಪಿಡಿಒ ಸಾಹೇಬ್ರ ಜೋಡಿ ಮಾತಾಡೀನಿ. ಕಂಪನಿಯ ಜವಾಬ್ದಾರಿ ಇರೋ ಮನಷ್ಯಾನ ಬರಬೇಕು, ಏಜೆಂಟ್ ನಡೆಯಂಗಿಲ್ಲ ಅಂತ ನೋಟಿಸ್ ಕೊಡ್ತೀವಿ. ಕಂಬದ ನಕ್ಷೆ, ಕನ್ನಡ ಕರಾರು, ದಾರಿಗೆ ಹೋಗೋ ಒಡ್ಡಿನ ಪಟ್ಟಿ, ಇವು ಮೂರು ಮೊದಲ ಟೇಬಲ್ ಮ್ಯಾಲೆ ಇಡಬೇಕು ಅಂತ ಠರಾವಿನಾಗ ಬರಸ್ತೀನಿ. ವಕೀಲ್ರು ಹೇಳಿದ ಮನಿಗಳಿಗೆ ನಾಳೆನ ಹೋಗ್ತೀನಿ, ಎರಡು ಮಂದಿ ಆಗಲೇ ಹೆಬ್ಬಟ್ಟು ಒತ್ಯಾರಂತ ಸುದ್ದಿ ಬಂತು.

ಕರಾರು_ಓದುವವ
ಹೆಬ್ಬೆಟ್ಟು ಒತ್ತಿದ ಕಾಗದದ ಫೋಟೋ ಸಿಕ್ಕರೆ ನನಗೆ ಖಾಸಗಿ ಸಂದೇಶದಲ್ಲಿ ಕಳಿಸಿ, ಇಲ್ಲಿ ಹಾಕಬೇಡಿ. ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್‌ನಿಂದ ಆ ಕಂಪನಿಗೆ ಹಂಚಿಕೆ ಆಗಿದೆಯಾ, ಎಷ್ಟು ಮೆಗಾವ್ಯಾಟ್, ಯಾವ ಊರಿಗೆ ಅಂತ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿಯನ್ನೂ ಹಾಕಿ. ಕೆಲವು ಏಜೆಂಟರು ಯಾವ ಕಂಪನಿಯೂ ಇಲ್ಲದೆ ಜಮೀನು ಹಿಡಿದಿಟ್ಟುಕೊಳ್ಳೋಕೆ ಓಡಾಡ್ತಿರ್ತಾರೆ.

ಪಾಪು_ಗದಗ
ಒಂದ್ ಕೇಳೋದಿತ್ತು, ವಿಷಯ ಬ್ಯಾರೆ. ನನ್ನ ಬೋರಿಗೆ ಒಂದು ಸಣ್ಣ ಫ್ಯಾನ್ ನಾನ ಹಾಕಿಸಿಕೊಂಡ್ರ ಹೆಂಗ?

ಕ್ಯೂಬ್_ಲಾ
ಬೇಡ. ಹತ್ತು ಹನ್ನೆರಡು ಮೀಟರ್ ಎತ್ತರದಲ್ಲಿ ಗಾಳಿ ಕಡಿಮೆ, ಎಂಟು ಪಟ್ಟಿನ ಲೆಕ್ಕ ಅಲ್ಲಿ ಉಲ್ಟಾ ಹೊಡೆಯುತ್ತೆ. ಕುಸುಮ್-ಬಿ ಯೋಜನೆಯಲ್ಲಿ ಸೋಲಾರ್ ಪಂಪಿಗೆ ಅರ್ಜಿ ಹಾಕಿ.

ಪಾಪು_ಗದಗ
ಅರ್ಜಿ ಹಾಕಿ ಬಹಳ ದಿನ ಆತರೀ. "ಪರಿಶೀಲನೆಯಲ್ಲಿದೆ" ಅಂತ ತೋರಸತೈತಿ.